ಪಾತ್ರೆಗೆ ಕೊಟ್ಟ ಸೀರೆ ಮಹಾನಗರದಲ್ಲಿ: ಹಳೆಯ ಉಡುಪು ಕೊಳ್ಳುವ ಮುನ್ನ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಓಣಿಗಳಲ್ಲಿ ಹಳೆಯ ಬಟ್ಟೆ ಕೊಟ್ಟು ಸ್ಟೀಲ್ ಪಾತ್ರೆ ಪಡೆಯುವ ರೂಢಿ ಹೊಸದೇನಲ್ಲ. ಹೀಗೆ ಮನೆ ಬಿಟ್ಟ ಸೀರೆ ಎಲ್ಲಿಗೆ ಸೇರುತ್ತದೆ ಎಂದು ಮಾತ್ರ ನಾವು ವಿಚಾರಿಸುವುದಿಲ್ಲ. ಕಳೆದ ರಜೆಯಲ್ಲಿ ಮುಂಬಯಿಯ ಚೋರ್ ಬಜಾರಿನ ಅಂಗಡಿಯೊಂದರಲ್ಲಿ ಹಳೆಯ ಇಳಕಲ್ ಸೀರೆಯೊಂದನ್ನು ಕಂಡೆ. ಬೆಲೆ ಹೊಸ ಸೀರೆಗಿಂತ ಹೆಚ್ಚಾಗಿತ್ತು. ಅದರ ಸೆರಗಿನ ವಿನ್ಯಾಸಕ್ಕೆ ಏನೆನ್ನುತ್ತಾರೆಂದು ಕೇಳಿದೆ, ಅಂಗಡಿಯವರಿಗೆ ತಿಳಿದಿರಲಿಲ್ಲ. ಜೊತೆಗಿದ್ದ ನನ್ನ ಮಗಳಿಗೂ ತಿಳಿದಿರಲಿಲ್ಲ. ಈ ಲೇಖನಕ್ಕೆ ಅದೇ ಕಾರಣ.

ಪಾತ್ರೆಗೆ ಬಟ್ಟೆ ಕೊಳ್ಳುವ ವ್ಯಾಪಾರವನ್ನು ಮುಂಬಯಿ, ದೆಹಲಿಗಳಲ್ಲಿ ಗುಜರಾತ್ ಮೂಲದ ವಾಘ್ರಿ ಸಮುದಾಯದವರು ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದಾರೆ. ದೆಹಲಿಯ ರಘುಬೀರ್ ನಗರದಲ್ಲಿ ಅವರ ಸಂತೆ ಬೆಳಕು ಹರಿಯುವ ಮೊದಲೇ ಆರಂಭವಾಗುತ್ತದೆ. ಉಡಲು ಯೋಗ್ಯವಾದ ಬಟ್ಟೆ ದುರಸ್ತಿಗೊಂಡು ಮರುಮಾರಾಟವಾಗುತ್ತದೆ. ಹರಿದದ್ದು ಯಂತ್ರ ಒರೆಸುವ ಚಿಂದಿಯಾಗುತ್ತದೆ. ರೇಷ್ಮೆ ಸೀರೆ ದಿಂಬಿನ ಚೀಲವಾಗುತ್ತದೆ. ಅಸಲಿ ಜರಿಯನ್ನು ಸುಟ್ಟು ಬೆಳ್ಳಿ ತೆಗೆಯುವುದೂ ಉಂಟು. ಇವೆಲ್ಲವನ್ನೂ ದಾಟಿ ಉಳಿದ ಕೆಲವೇ ಸೀರೆಗಳು ‘ವಿಂಟೇಜ್’ ಎಂಬ ಹೆಸರಿನಲ್ಲಿ ಅಂಗಡಿ ಸೇರುತ್ತವೆ.

ಚೋರ್ ಬಜಾರಿನ ಹಳೆಯ ವಸ್ತುಗಳ ಅಂಗಡಿಗಳು ಹೆಚ್ಚಾಗಿ ಭೇಂಡಿ ಬಜಾರಿನ ಸಮೀಪದ ಮಟನ್ ಸ್ಟ್ರೀಟಿನಲ್ಲಿವೆ. ಶುಕ್ರವಾರ ಅವು ಮುಚ್ಚಿರುತ್ತವೆ. ಅಂದು ಬೀದಿಯ ಮೇಲೆಯೇ ಸಂತೆ ಕೂಡುತ್ತದೆ. ಚೌಕಾಸಿ ಅಲ್ಲಿಯ ವಾಡಿಕೆ.

ಕೊಳ್ಳುವವರು ಸೀರೆಯನ್ನು ಅಂಗಡಿಯ ದೀಪದ ಕೆಳಗೆ ನೋಡದೆ ಹಗಲು ಬೆಳಕಿಗೆ ಹಿಡಿದು ನೋಡಬೇಕು. ರೇಷ್ಮೆ ಮೊದಲು ಸೀಳುವುದು ಮಡಿಕೆಯ ಗೆರೆಯಲ್ಲಿ. ತುಕ್ಕಿನ ಕಲೆ ಸುಲಭವಾಗಿ ಹೋಗದು. ಉದ್ದವನ್ನೂ ಅಳೆಯಬೇಕು: ನಮ್ಮ ಅಜ್ಜಿಯರು ಉಡುತ್ತಿದ್ದುದು ಹದಿನೆಂಟು ಮೊಳದ, ಅಂದರೆ 9 ಗಜದ ಸೀರೆ, ಕತ್ತರಿಸಿದ್ದರೆ ಅಳತೆಯೇ ಹೇಳುತ್ತದೆ. ಅಸಲಿ ಜರಿಯೆಂದರೆ ರೇಷ್ಮೆ ಎಳೆಗೆ ಬೆಳ್ಳಿಯ ತಂತಿ ಸುತ್ತಿ ಚಿನ್ನದ ಲೇಪ ಕೊಟ್ಟದ್ದು. ನಕಲಿಯಲ್ಲಿ ಬೆಳ್ಳಿಯ ಬದಲು ತಾಮ್ರ ಅಥವಾ ಪ್ಲಾಸ್ಟಿಕ್ ಇರುತ್ತದೆ. ಕಪ್ಪಾಗಿದೆ ಎಂದ ಮಾತ್ರಕ್ಕೆ ಜರಿ ನಕಲಿಯಲ್ಲ. ಬೆಳ್ಳಿಯೂ ಕಾಲಕ್ರಮದಲ್ಲಿ ಕಪ್ಪಾಗುತ್ತದೆ.

ಇಳಕಲ್ ಸೀರೆಯಾದರೆ ಒಡಲು ಮತ್ತು ಸೆರಗು ಕೂಡುವ ಜಾಗವನ್ನು ಪರೀಕ್ಷಿಸಿರಿ. ಅಲ್ಲಿ ಎರಡು ಬೇರೆ ಹಾಸಿನ ಎಳೆಗಳನ್ನು ಕುಣಿಕೆ ಹಾಕಿ ಜೋಡಿಸಿರುತ್ತಾರೆ. ಇದಕ್ಕೆ ಕೊಂಡಿ ಎನ್ನುತ್ತಾರೆ. ಕೆಂಪು ಸೆರಗಿನ ಮೇಲೆ ಬಿಳಿಯ ಹಲ್ಲುಗಳಂತೆ ಮೂಡುವ ವಿನ್ಯಾಸವೇ ಟೋಪ ತೆನಿ. ತೆನೆ ಎಂದರೆ ಜೋಳದ ತೆನೆಯೂ ಹೌದು, ಕೋಟೆಗೋಡೆಯ ತಲೆಯ ಮೇಲಿನ ಹಲ್ಲಿನಂಥ ಭಾಗವೂ ಹೌದು. ಸೀರೆಯ ಮೇಲೆ ಕಸೂತಿಯಿದ್ದರೆ ಅದರ ಹೊಲಿಗೆಗಳು ನಾಲ್ಕು: ಗವಂತಿ, ಮುರಗಿ, ನೇಯ್ಗಿ, ಮೆಂತಿ. ಗವಂತಿ ಮತ್ತು ಮುರಗಿ ಹೊಲಿಗೆಗಳು ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ತೆರನಾಗಿ ಕಾಣುತ್ತವೆ. ಆದ್ದರಿಂದ ಸೀರೆಯನ್ನು ತಿರುವಿ ನೋಡುವುದು ಉತ್ತಮ ಪರೀಕ್ಷೆ.

ಈ ಹೆಸರುಗಳೆಲ್ಲ ಕನ್ನಡ ಮಾತಿನಲ್ಲಿ ಬೆಳೆದವು. ಗಡಿಯಾಚೆಯ ನಮ್ಮ ಮಕ್ಕಳಿಗೆ ಅವು ಪಠ್ಯಪುಸ್ತಕದಿಂದ ಬರುವುದು ವಿರಳ. ಅಜ್ಜಿಯ ಬಾಯಿಂದ, ಸೀರೆಯನ್ನು ಮುಂದಿಟ್ಟುಕೊಂಡೇ ಬರಬೇಕು. ನಾನು ತರಗತಿಯಲ್ಲಿ ಸೀರೆಗೆ ಸಂಬಂಧಿಸಿದ ಪದಗಳನ್ನು ಬರೆದು ತರಲು ಹೇಳಿದಾಗ, ಟ್ರಂಕಿನಲ್ಲಿ ಹಳೆಯ ಸೀರೆ ಉಳಿದಿದ್ದ ಮನೆಯ ಮಕ್ಕಳು ಪುಟ ತುಂಬಿಸಿದರು. ಉಳಿದವರು ಸೆರಗು, ಅಂಚು ಎಂಬಲ್ಲಿಗೆ ನಿಲ್ಲಿಸಿದರು.

ಆದುದರಿಂದ ಪಾಲಕರಲ್ಲಿ ಒಂದು ವಿನಂತಿ. ಮುಂದಿನ ಬಾರಿ ಪಾತ್ರೆಯವರು ಬಾಗಿಲಿಗೆ ಬಂದಾಗ ಉಳಿದ ಬಟ್ಟೆ ಕೊಡಿರಿ, ಒಂದು ಹಳೆಯ ಸೀರೆಯನ್ನು ಇರಿಸಿಕೊಳ್ಳಿರಿ. ತೆಳುವಾದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಕೆಲವು ತಿಂಗಳಿಗೊಮ್ಮೆ ಮಡಿಕೆ ಬದಲಿಸಿರಿ; ನುಸಿಗುಳಿಗೆಯನ್ನು ಜರಿಗೆ ತಾಗಿಸಬೇಡಿರಿ. ಮಡಿಕೆ ಬದಲಿಸುವ ದಿನ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದು ಭಾಗದ ಹೆಸರನ್ನೂ ಅವರಿಂದಲೇ ಹೇಳಿಸಿರಿ.