ಅರ್ಧ ಭಾರ, ಮೂರು ಪಟ್ಟು ಹೊತ್ತು

ಎರಡು ಸೈಕಲ್ಲುಗಳು ಬೆನ್ನಿಗೆ ಬೆನ್ನು ಮಾಡಿ ನಿಂತಿವೆ. ಎಲ್ಲಿಗೂ ಹೋಗುವಂಥವಲ್ಲ, ನಿಂತಲ್ಲೇ ತುಳಿಯುವಂಥವು. ಎರಡರ ನಡುವೆ ಒಂದು ಚೈನು. ಒಂದರ ಮೇಲೆ ಯುವಕ, ಇನ್ನೊಂದರ ಮೇಲೆ ಯುವತಿ. ಅವನು ಪೆಡಲನ್ನು ಮುಂದಕ್ಕೆ ತುಳಿಯುತ್ತಾನೆ. ಅವನು ತುಳಿದಂತೆಲ್ಲ ಅವಳ ಪೆಡಲುಗಳು ಹಿಂದಕ್ಕೆ ತಿರುಗುತ್ತವೆ. ಅವಳ ಕೆಲಸ ಇಷ್ಟೇ, ತನ್ನ ಕಡೆಗೆ ಬರುವ ಪೆಡಲನ್ನು ಕಾಲೊತ್ತಿ ತಡೆಯುವುದು. ಇಬ್ಬರನ್ನೂ ಒಂದೇ ಚೈನು ಬಿಗಿದಿರುವುದರಿಂದ ಅವನು ಹಾಕುವಷ್ಟೇ ಬಲವನ್ನು ಅವಳೂ ಹಾಕಬೇಕು, ಅದೇ ವೇಗದಲ್ಲಿ. ಆದರೂ ಬೇಗನೆ ಸುಸ್ತಾಗುವವನು ಅವನೇ. ಅವಳು ಆರಾಮಾಗಿ ಕೂತೇ ಇದ್ದಾಳೆ. ನೋಡುತ್ತ ನಿಂತ ಘಟಾನುಘಟಿ ವಿಜ್ಞಾನಿಗಳಿಗೆ ಇದೊಂದು ಮೋಜು.

ಇದು 1952ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ನಡೆದ ಪ್ರದರ್ಶನ. ಪ್ರಯೋಗ ಅಬಟ್, ಬಿಗ್‌ಲ್ಯಾಂಡ್, ರಿಚಿ ಎಂಬ ಮೂವರದು. ಉಸಿರನ್ನು ಚೀಲಗಳಲ್ಲಿ ಹಿಡಿದು ಆಮ್ಲಜನಕದ ಖರ್ಚನ್ನು ಅಳೆದಾಗ ಮುಂದಕ್ಕೆ ತುಳಿಯುವ ಕಾಲಿಗೆ ತಡೆಯುವ ಕಾಲಿಗಿಂತ ಹಲವು ಪಟ್ಟು ಹೆಚ್ಚು ಬೇಕಾಗಿತ್ತು. ವೇಗ ಹೆಚ್ಚಿದಷ್ಟೂ ಅಂತರವೂ ಹೆಚ್ಚು. ಕಾರಣ ಸ್ನಾಯುವಿನಲ್ಲೇ ಇದೆ. ಬಿಗಿದ ಸ್ನಾಯು ಕುಗ್ಗುತ್ತಾ ಎಳೆಯುವಾಗ ಅದರ ಬಲ ಇಳಿಯುತ್ತದೆ. ಅದನ್ನೇ ಹೊರಗಿನಿಂದ ಹಿಗ್ಗಿಸಿದರೆ ಬಲ ಏರುತ್ತದೆ. ಹಾಗಾಗಿ ತಡೆಯುವವರಿಗೆ ಕಡಿಮೆ ನಾರುಗಳು ಸಾಕು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಏದುಸಿರು ಬಿಡುವವರು ಇಳಿಯುವಾಗ ಹರಟೆ ಹೊಡೆಯುತ್ತಾ ಬರುವುದು ಇದರಿಂದಲೇ. ಮರುದಿನ ತೊಡೆ ಹಿಡಿದುಕೊಂಡರೆ ಮಾತ್ರ ಬೈಯಬೇಕಾದ್ದು ಇಳಿದದ್ದನ್ನು, ಹತ್ತಿದ್ದನ್ನಲ್ಲ.

ಈ ಪ್ರಯೋಗದ ಹಿಂದಿದ್ದ ಹಿರಿಯ ಎ. ವಿ. ಹಿಲ್. ಕೇಂಬ್ರಿಜ್‌ನಲ್ಲಿ ಗಣಿತ ಓದಿ, ಆಮೇಲೆ ದೇಹಶಾಸ್ತ್ರಕ್ಕೆ ಹೊರಳಿದ ಮನುಷ್ಯ. 1922ರ ನೊಬೆಲ್ ಪಾಲುದಾರ. ಎರಡನೇ ಮಹಾಯುದ್ಧದ ನಡುವೆ ಭಾರತಕ್ಕೂ ಬಂದು, ಇಲ್ಲಿನ ವಿಜ್ಞಾನ ಸಂಶೋಧನೆ ಹೇಗಿರಬೇಕೆಂದು ವರದಿ ಬರೆದುಕೊಟ್ಟು ಹೋದರು. ಅವರ ಹೆಸರು ಉಳಿದಿರುವುದು ಮುಖ್ಯವಾಗಿ 1938ರ ಒಂದು ಸಮೀಕರಣದಲ್ಲಿ. ಕಪ್ಪೆಯ ತೊಡೆಯ ಒಂದು ತೆಳ್ಳಗಿನ ಸ್ನಾಯುವನ್ನು ಮಂಜುಗಡ್ಡೆಯ ತಂಪಿನಲ್ಲಿಟ್ಟು, ವಿದ್ಯುತ್ ಕೊಟ್ಟು, ಬೇರೆ ಬೇರೆ ಭಾರಗಳನ್ನು ಎಳೆಸಿ, ಹುಟ್ಟುವ ಶಾಖವನ್ನು ಅಳೆದರು. ಕೊನೆಗೆ ಕೈಗೆ ಸಿಕ್ಕ ನಿಯಮ ಒಂದೇ ಸಾಲಿನದು: ಬಲಕ್ಕೆ ಒಂದು ಸ್ಥಿರಾಂಕ ಕೂಡಿಸಿ, ವೇಗಕ್ಕೆ ಇನ್ನೊಂದು ಕೂಡಿಸಿ, ಎರಡನ್ನೂ ಗುಣಿಸಿ, ಬರುವ ಗುಣಲಬ್ಧ ಬದಲಾಗುವುದಿಲ್ಲ. ಭಾರ ಹೆಚ್ಚಾದರೆ ನಿಧಾನ, ಹಗುರಾದರೆ ಚುರುಕು. ಎಷ್ಟು ಭಾರಕ್ಕೆ ಎಷ್ಟು ನಿಧಾನ ಎಂಬುದೂ ಲೆಕ್ಕಕ್ಕೆ ಸಿಗುತ್ತದೆ. ಇವತ್ತು ಕಂಪ್ಯೂಟರಿನಲ್ಲಿ ಮನುಷ್ಯನನ್ನು ಓಡಿಸಿ, ನೆಗೆಸಿ ನೋಡುವ ತಂತ್ರಾಂಶಗಳ ಒಳಗೆ ಕೂತಿರುವುದು ಹೆಚ್ಚಾಗಿ ಇದೇ ಕಪ್ಪೆಯ ಸೂತ್ರ.

ಆದರೆ ಆ ಸೂತ್ರಕ್ಕೆ ಗಡಿಯಾರವಿಲ್ಲ. ಅದರಲ್ಲಿರುವುದು ದಣಿಯದ ಸ್ನಾಯು. ಮೊದಲ ಸೆಕೆಂಡಿಗೂ ನೂರನೆಯ ಸೆಕೆಂಡಿಗೂ ವ್ಯತ್ಯಾಸವಿಲ್ಲ.

ದಣಿವನ್ನು ಗೆರೆಯಾಗಿ ಬರೆದು ತೋರಿಸಿದವರು ಅದಕ್ಕೂ ಮೊದಲೇ ಇದ್ದರು. ಇಟಲಿಯ ಟುರಿನ್ ನಗರದಲ್ಲಿ ಆಂಜೆಲೋ ಮೊಸ್ಸೊ ಒಂದು ಉಪಕರಣ ಮಾಡಿಸಿದ್ದರು. ಮುಂಗೈಯನ್ನು ಅಂಗಾತ ಮಾಡಿ ಹಲಗೆಗೆ ಬಿಗಿಯುತ್ತಾರೆ. ತೋರುಬೆರಳು, ಉಂಗುರ ಬೆರಳು ಎರಡೂ ಕೊಳವೆಗಳಲ್ಲಿ ಬಂದಿ. ನಡುಬೆರಳು ಮಾತ್ರ ಬಿಡುವಾಗಿದ್ದು, ಅದಕ್ಕೆ ದಾರ. ದಾರದ ಕೊನೆಗೆ ತೂಕದ ಕಲ್ಲು. ತಾಳಯಂತ್ರ ಟಕ್ ಎಂದಾಗಲೆಲ್ಲ ಬೆರಳು ಮಡಚಬೇಕು. ಮಸಿ ಹಿಡಿಸಿದ ಕಾಗದದ ಮೇಲೆ ಮುಳ್ಳೊಂದು ಗೀಚುತ್ತದೆ: ಮೊದಲು ಉದ್ದುದ್ದ ಗೆರೆಗಳು, ಬರುಬರುತ್ತಾ ಮೋಟು, ಆಮೇಲೆ ಚುಕ್ಕೆಯಷ್ಟು, ಕೊನೆಗೆ ಏನೂ ಇಲ್ಲ. ಗೆರೆಗಳ ತುದಿ ಇಳಿಯುವ ಬಗೆ ಒಬ್ಬೊಬ್ಬರದು ಒಂದೊಂದು ಥರ. ವಿದ್ಯಾರ್ಥಿಗಳ ಮೌಖಿಕ ಪರೀಕ್ಷೆ ಮುಗಿಸಿ ಬಂದ ಸಹೋದ್ಯೋಗಿ ಮಜ್ಜೋರಾ ಕೈ ಕೊಟ್ಟಾಗ ಗೆರೆಗಳು ಬೇಗನೆ ಸೋತುಹೋದವು. ಇಡೀ ಹೊತ್ತು ಅವರ ಬೆರಳೇನೂ ದುಡಿದಿರಲಿಲ್ಲ, ದುಡಿದದ್ದು ತಲೆ. ಮೇಷ್ಟ್ರುಗಳಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಆ ಇಳಿಗೆರೆಗೆ ಸಮೀಕರಣ ಬರೆಯುವ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಮಾದರಿ ಹೊಸದು. 2002ರಲ್ಲಿ ಲಿಯು, ಬ್ರೌನ್, ಯೂ ಎಂಬವರು ಅದಕ್ಕೆ ರೂಪ ಕೊಟ್ಟರು. 2008ರಲ್ಲಿ ಶಿಯಾ ಮತ್ತು ಫ್ರೇ ಲಾ ಅದನ್ನು ತಿದ್ದಿ ಬೆಳೆಸಿದರು. ಚೌಕಾಬಾರದ ಕಾಯಿಗಳ ಹಾಗೆ ಸ್ನಾಯುವಿನ ನಾರುಗಳು ಮೂರು ಮನೆಗಳಲ್ಲಿ ಕೂತಿವೆ: ಸುಮ್ಮನಿರುವವು, ದುಡಿಯುತ್ತಿರುವವು, ದಣಿದವು. ಮಿದುಳು ಕರೆದರೆ ಮೊದಲ ಮನೆಯಿಂದ ಎರಡನೆಯದಕ್ಕೆ. ದುಡಿಯುವವರಲ್ಲಿ ಪ್ರತಿ ಸೆಕೆಂಡಿಗೂ ಒಂದು ಪಾಲು ಮೂರನೆಯದಕ್ಕೆ. ದಣಿದವರಲ್ಲಿ ಒಂದು ಸಣ್ಣ ಪಾಲು ಚೇತರಿಸಿಕೊಂಡು ಮತ್ತೆ ಮೊದಲನೆಯದಕ್ಕೆ. ಇಷ್ಟೇ ಆಟ.

ಆಡಿ ನೋಡೋಣ. ಲೆಕ್ಕ ಸುಲಭವಾಗಲೆಂದು ಅಂಕಿ ನಾನೇ ಇಟ್ಟುಕೊಂಡಿದ್ದೇನೆ. ಒಟ್ಟು ನಾರು 100. ದುಡಿಯುವವರಲ್ಲಿ ಸೆಕೆಂಡಿಗೆ ನೂರರಲ್ಲೊಂದು ದಣಿಯಲಿ. ದಣಿದವರಲ್ಲಿ ಸಾವಿರದಲ್ಲೊಂದು ಚೇತರಿಸಿಕೊಳ್ಳಲಿ. ಪೂರ್ತಿ ಬಲದ ಅರ್ಧದಷ್ಟು ಭಾರವನ್ನು ಎತ್ತಿ ಹಿಡಿದಿದ್ದೀರಿ, ಅಂದರೆ ಯಾವಾಗಲೂ 50 ನಾರು ದುಡಿಯುತ್ತಲೇ ಇರಬೇಕು. ದಣಿದವರ ಜಾಗಕ್ಕೆ ಹೊಸಬರು ಬರುತ್ತಾರೆ, ಬರುತ್ತಾರೆ, ಸುಮಾರು 105ನೆಯ ಸೆಕೆಂಡಿಗೆ ಮೊದಲ ಮನೆ ಖಾಲಿ. ಕೈ ಇಳಿಯುತ್ತದೆ. ಈಗ ಭಾರವನ್ನು ಅರ್ಧ ಮಾಡಿ. 25 ನಾರು ಸಾಕು. ಹೊತ್ತು ಎರಡು ಪಟ್ಟಾದೀತು ಎಂದುಕೊಂಡರೆ ಆಗುವುದು 357 ಸೆಕೆಂಡು, ಮೂರು ಪಟ್ಟಿಗೂ ಮಿಗಿಲು. ಇನ್ನೂ ಇಳಿಸಿ ಹನ್ನೊಂದರಲ್ಲೊಂದು ಪಾಲಿಗೆ ತಂದರೆ ದಣಿಯುವವರೂ ಚೇತರಿಸಿಕೊಳ್ಳುವವರೂ ಸರಿಸಮ. ಕೈ ಇಳಿಯುವುದೇ ಇಲ್ಲ, ಲೆಕ್ಕದ ಪ್ರಕಾರ. ಜರ್ಮನಿಯ ವಾಲ್ಟರ್ ರೋಮರ್ಟ್ 1960ರಲ್ಲಿ, ಇಂಥ ಮಾದರಿ ಹುಟ್ಟುವ ಮೊದಲೇ, ಮನುಷ್ಯರಿಂದ ಭಾರ ಹಿಡಿಸಿ ಎಳೆದ ಗೆರೆಯೂ ಹೀಗೇ ಬಾಗುತ್ತದೆ. ಪೂರ್ತಿ ಬಲದ ಶೇಕಡಾ 15ಕ್ಕಿಂತ ಕೆಳಗೆ ಹಿಡಿದರೆ ಬಹಳ ಹೊತ್ತು ತಾಳಬಹುದೆಂದು ಅವರು ಹೇಳಿದ್ದರು. ಆಮೇಲಿನವರು ಆ ಮಿತಿಯನ್ನು ಇನ್ನೂ ಕೆಳಗಿಳಿಸಿದ್ದಾರೆ.

ಈ ಮಾದರಿಗಳನ್ನು ಕೊಂಡಾಡುವಾಗ ಒಂದು ಎಚ್ಚರ ಬೇಕು. ಅವಕ್ಕೆ ನಾರು ಗೊತ್ತು, ಆಳು ಗೊತ್ತಿಲ್ಲ. 1961ರಲ್ಲಿ ಇಕಾಯ್ ಮತ್ತು ಸ್ಟೈನ್‌ಹಾಸ್ ಎಂಬವರು ಜನರಿಂದ ಮೊಣಕೈ ಮಡಚಿ ಬಲವಾಗಿ ಎಳೆಸುತ್ತಿದ್ದರು. ಹಿಂದಿನಿಂದ ಪಿಸ್ತೂಲಿನ ಸದ್ದು ಮಾಡಿದಾಗ, ಎಳೆಯುವವರೇ ಕಿರುಚಿದಾಗ, ಬಲ ಏರಿತು. ‘ಇಷ್ಟೇ ನನ್ನ ಕೈಲಾಗುವುದು’ ಎಂದವರ ಒಳಗೆ ಇನ್ನೂ ಉಳಿತಾಯವಿತ್ತು. ಆ ಉಳಿತಾಯಕ್ಕೆ ಮೂರು ಮನೆಗಳ ಆಟದಲ್ಲಿ ನಾಲ್ಕನೆಯ ಮನೆ ಇಲ್ಲ. ಲಕ್ವ ಹೊಡೆದ ಕಾಲನ್ನು ವಿದ್ಯುತ್ತಿನಿಂದ ಎಬ್ಬಿಸುವಾಗ ಸಂಕಲ್ಪದ ತಂಟೆ ಇರುವುದಿಲ್ಲ. ಹಾಗೆ ಎಬ್ಬಿಸಿದ ಸ್ನಾಯು ಬಲುಬೇಗ ದಣಿಯುತ್ತದೆ. ಅದಕ್ಕೇ ಯಾವ ಅಂತರದಲ್ಲಿ ವಿದ್ಯುತ್ ಮಿಡಿತ ಕೊಟ್ಟರೆ ಬಲ ಎಷ್ಟು ಉಳಿದೀತೆಂದು ಮೊದಲೇ ಹೇಳುವ ಸಮೀಕರಣಗಳನ್ನು ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಸಂಶೋಧಕರು ಬರೆದಿದ್ದಾರೆ. ಮಾದರಿಯ ನಿಜವಾದ ಬೆಲೆ ಅಲ್ಲಿದೆ ಎಂದು ನನ್ನ ಅಭಿಪ್ರಾಯ.

ಇನ್ನೊಂದು ಕಡೆಯೂ ಇದೆ, ದುಡಿಯುವ ಜಾಗ. ಹಲವಾರು ಪ್ರಯೋಗಗಳ ಫಲಿತಾಂಶ ಒಟ್ಟು ಸೇರಿಸಿ ನೋಡಿದಾಗ, ಕೀಲುಗಳಲ್ಲಿ ತಾಳಿಕೆ ಹೆಚ್ಚಿರುವುದು ಕಾಲಿನ ಹರಡಿಗೆ, ಬೇಗ ಸೋಲುವುದು ಭುಜ. ತೋಳು ಚಾಚಿಯೋ ಎತ್ತಿಯೋ ಹೊತ್ತು ಕಳೆಯುವವರು ನಮ್ಮಲ್ಲಿ ಕಡಿಮೆಯೇನಿಲ್ಲ: ಬಣ್ಣ ಬಳಿಯುವವರು, ವಾಹನದ ಅಡಿಯಲ್ಲಿ ಮಲಗಿ ಬೋಲ್ಟು ಬಿಗಿಯುವ ಮೆಕ್ಯಾನಿಕ್‌ಗಳು, ಎತ್ತರದ ಮೇಜಿನಲ್ಲಿ ಬಟ್ಟೆ ಕತ್ತರಿಸುವವರು. ಅವರ ಮೇಜಿನ ಎತ್ತರ, ಹತಾರದ ತೂಕ, ಬಿಡುವಿನ ನಿಮಿಷ ಗೊತ್ತುಮಾಡುವ ಯಜಮಾನರು ಮೇಲಿನ ಲೆಕ್ಕವನ್ನು ಒಮ್ಮೆ ತಾವೇ ಹಾಕಿ ನೋಡಲಿ. ಒಂದು ಕ್ಯಾಲ್ಕ್ಯುಲೇಟರು ಸಾಕು.