ಹೈವೇಯಲ್ಲಿ ಮಾತ್ರ ನಡುಗುವ ಸ್ಟೇರಿಂಗ್

ಹೊಳಲ್ಕೆರೆ ತಾಲ್ಲೂಕಿನ ತಾಳ್ಯ ಹೋಬಳಿಯ ಹಳ್ಳಿ ರಸ್ತೆಗಳಲ್ಲಿ ಹಳೆಯ ಆಲ್ಟೊ ಕಾರೊಂದು ಯಾವ ತಕರಾರೂ ಇಲ್ಲದೆ ಓಡಾಡಿಕೊಂಡಿರುತ್ತದೆ. ಅದೇ ಕಾರು ಚಿತ್ರದುರ್ಗ ದಾಟಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಿರಿಯೂರಿನತ್ತ 80 ಕಿ.ಮೀ. ವೇಗದಲ್ಲಿ ಹೋಗುವಾಗ, ಗುಯಿಲಾಳು ಟೋಲ್ ಕಂಡಿತೆಂದು ಬ್ರೇಕ್ ಒತ್ತಿದರೆ ಸಾಕು, ಸ್ಟೇರಿಂಗ್ ಗಡಗಡ ನಡುಗುತ್ತದೆ. ಬ್ರೇಕಿನಿಂದ ಕಾಲು ತೆಗೆದರೆ ನಡುಕ ಮಾಯ. ವೇಗ 40ಕ್ಕೆ ಇಳಿದರೂ ಮಾಯ. ಊರಲ್ಲಿ ಇಲ್ಲದ್ದು ಹೈವೇಯಲ್ಲಿ ಬಂದಿತೆಂದರೆ ಗಾಡಿಗೆ ದೃಷ್ಟಿ ತಗುಲಿದೆ ಎಂದು ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವವರಿದ್ದಾರೆ. ಆಯುಧಪೂಜೆಯ ನಿಂಬೆಹಣ್ಣಿಗೆ ಯಾರ ಆಕ್ಷೇಪವೂ ಇಲ್ಲ. ಬ್ರೇಕಿನ ದೋಷವನ್ನು ದೃಷ್ಟಿಯ ತಲೆಗೆ ಕಟ್ಟಿ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೊರಡುವುದು ಮಾತ್ರ ಶುದ್ಧ ತಪ್ಪು.

ಇನ್ನೊಂದು ನಂಬಿಕೆ ಗ್ಯಾರೇಜಿನದು: ‘ಡಿಸ್ಕ್ ಬೆಂಡ್ ಆಗಿದೆ ಸಾರ್.’ ಡಿಸ್ಕ್ ಎಂದರೆ ಚಕ್ರದ ಜೊತೆ ತಿರುಗುವ, ಬ್ರೇಕ್ ಪ್ಯಾಡುಗಳು ಎರಡೂ ಬದಿಯಿಂದ ಹಿಡಿಯುವ ತಟ್ಟೆ. ಈ ಮಾತು ಪ್ರಪಂಚದ ಎಲ್ಲ ಗ್ಯಾರೇಜುಗಳಲ್ಲೂ ಇದೆ. ಫೋರ್ಡ್ ಕಂಪನಿಯ ಲೆ ಮಾನ್ಸ್ ರೇಸ್ ತಂಡದಲ್ಲಿ ದುಡಿದ ಅಮೆರಿಕದ ಎಂಜಿನಿಯರ್ ಕ್ಯಾರೊಲ್ ಸ್ಮಿತ್ ಇದನ್ನು ಕಟ್ಟುಕತೆ ಎಂದೇ ಕರೆದರು. ಬೆಂಡಾಗಿದೆ ಎಂದು ಅವರ ಮುಂದೆ ಬಂದ ಡಿಸ್ಕುಗಳನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ಬ್ರೇಕ್ ಪ್ಯಾಡಿನ ಪದಾರ್ಥ ಒಂದೊಂದು ಕಡೆ ಒಂದೊಂದು ಪ್ರಮಾಣದಲ್ಲಿ ಮೆತ್ತಿಕೊಂಡ ಕಲೆಗಳು.

ನಡುಕದ ನಿಜವಾದ ಮೂಲ ಡಿಸ್ಕಿನ ದಪ್ಪದಲ್ಲಿದೆ. ಸುತ್ತಿನ ಒಂದು ಕಡೆ ಡಿಸ್ಕ್ ಉಳಿದೆಡೆಗಿಂತ 0.015 ಮಿಲಿಮೀಟರಿನಷ್ಟು ದಪ್ಪವಿದ್ದರೂ ಸಾಕು. ತಲೆಗೂದಲನ್ನು ಉದ್ದಕ್ಕೆ ಐದಾಗಿ ಸೀಳಿದರೆ ಒಂದು ಎಳೆ ಎಷ್ಟಿದ್ದೀತೋ ಅಷ್ಟು! ದಪ್ಪ ಭಾಗ ಪ್ಯಾಡುಗಳ ನಡುವೆ ನುಗ್ಗಿದಾಗ ಹಿಡಿತ ಬಿಗಿಯಾಗುತ್ತದೆ, ತೆಳು ಭಾಗ ಬಂದಾಗ ಸಡಿಲವಾಗುತ್ತದೆ. ಚಕ್ರದ ಸುತ್ತು ಸುತ್ತಿಗೂ ಈ ಜಗ್ಗಾಟ ಚಕ್ರವನ್ನು ಸ್ಟೇರಿಂಗಿಗೆ ಜೋಡಿಸುವ ಟೈ ರಾಡ್ ಮೂಲಕ ಸ್ಟೇರಿಂಗಿಗೆ ಏರುತ್ತದೆ.

ಹಾಗಾದರೆ ಹಳ್ಳಿ ರಸ್ತೆಯಲ್ಲಿ ಯಾಕಿಲ್ಲ? ಇಲ್ಲೇ ಇರುವುದು ಸೊಗಸು. ಆಲ್ಟೊದ 12 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 1.7 ಮೀಟರ್ ಸಾಗುತ್ತದೆ. 80ರ ವೇಗದಲ್ಲಿ ಅದು ಸೆಕೆಂಡಿಗೆ 13 ಸುತ್ತು ಹಾಕುತ್ತದೆ, 40ರಲ್ಲಿ ಆರೂವರೆ. ಕಾರಿನ ಮುಂಭಾಗದ ಸಸ್ಪೆನ್ಷನ್ನಿಗೂ ಸ್ಟೇರಿಂಗಿಗೂ ತಮ್ಮದೇ ಆದ ಸಹಜ ಕಂಪನವಿದೆ. ಸಾಮಾನ್ಯವಾಗಿ ಅದು ಸೆಕೆಂಡಿಗೆ ಹತ್ತು ಇಪ್ಪತ್ತರ ಆಸುಪಾಸು. ಡಿಸ್ಕಿನ ಜಗ್ಗಾಟ ಆ ಲಯಕ್ಕೆ ಕೂಡಿಬಂದ ಕ್ಷಣದಲ್ಲಿ ಸಣ್ಣ ದೋಷ ಹಲವು ಪಟ್ಟು ದೊಡ್ಡದಾಗಿ ಕೈಗೆ ಬಡಿಯುತ್ತದೆ. ದೋಷ ಊರಲ್ಲೂ ಇತ್ತು, ಆದರೆ ಲಯ ಕೂಡಿರಲಿಲ್ಲ. ಹಳೆಯ ಕಾರಿನಲ್ಲಿ ಸಸ್ಪೆನ್ಷನ್ನಿನ ಲೋಯರ್ ಆರ್ಮಿನ ರಬ್ಬರ್ ಬುಷ್ ಬಿರುಕು ಬಿಟ್ಟು, ಬಾಲ್ ಜಾಯಿಂಟ್ ಸವೆದು, ನಡುಕವನ್ನು ನುಂಗಿಕೊಳ್ಳುವವರೇ ಇರುವುದಿಲ್ಲ. ಹೊಸ ಕಾರಿನಲ್ಲಿ ಗೊತ್ತೇ ಆಗದ ದೋಷ ಇಲ್ಲಿ ಬಯಲಿಗೆ ಬರುತ್ತದೆ.

ಪ್ಯಾಡಿನ ಕಲೆಯಿಂದಲ್ಲದೆ ಸವೆತದಿಂದಲೂ ದಪ್ಪ ಏರುಪೇರಾಗುವ ಬಗೆ ಇನ್ನೂ ಬೆರಗಿನದು. ಟೈರ್ ಬಿಚ್ಚಿ ಹಾಕುವಾಗ ಏರ್ ಗನ್ನಿನಿಂದ ಒಂದು ನಟ್ ಅತಿ ಬಿಗಿ, ಇನ್ನೊಂದು ಸಡಿಲ ಆಯಿತೆನ್ನಿ. ಅಥವಾ ಚಕ್ರ ಕೂರುವ ಹಬ್‌ಗೂ ಡಿಸ್ಕಿಗೂ ನಡುವೆ ತುಕ್ಕಿನ ಒಂದು ಚೂರು ಉಳಿಯಿತೆನ್ನಿ. ಡಿಸ್ಕ್ ಕಣ್ಣಿಗೆ ಕಾಣದಷ್ಟು ಓರೆಯಾಗಿ ಕೂರುತ್ತದೆ. ಅಂದು ಕಾರು ನಡುಗುವುದಿಲ್ಲ. ಆದರೆ ಬ್ರೇಕ್ ಒತ್ತದೆ ಓಡುವಾಗಲೂ ಆ ಓರೆ ಭಾಗ ಸುತ್ತಿಗೊಮ್ಮೆ ಪ್ಯಾಡಿಗೆ ಸವರಿಕೊಂಡು ಹೋಗುತ್ತದೆ. ಕಿಲೋಮೀಟರಿಗೆ ಸುಮಾರು 590 ಬಾರಿ, ಐದು ಸಾವಿರ ಕಿ.ಮೀ.ಗೆ 30 ಲಕ್ಷ ಬಾರಿ! ಆ ಜಾಗ ಸವೆದು ತೆಳುವಾಗುತ್ತದೆ. ನಡುಕ ಶುರುವಾಗುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ. ಅಂದಿನ ಪಂಕ್ಚರ್ ಕೆಲಸ ಯಾರಿಗೂ ನೆನಪಾಗುವುದಿಲ್ಲ. ಡಿಸ್ಕನ್ನು ಬಿಚ್ಚಿ ಲೇತಿಗೆ ಕೊಟ್ಟು ಸಪಾಟು ಮಾಡಿಸಿ, ಅದೇ ತುಕ್ಕು ಹಿಡಿದ ಹಬ್ಬಿಗೆ ಕೂರಿಸಿದರೆ ಕತೆ ಮೊದಲಿನಿಂದ ಶುರು. ಹೊಸ ಡಿಸ್ಕ್ ಹಾಕಿಸಿದವರ ದುಡ್ಡೂ ಹೀಗೆಯೇ ನೀರುಪಾಲಾಗುತ್ತದೆ.

ಪತ್ತೆಗೆ ಮೊದಲ ಹೆಜ್ಜೆ ವೀಲ್ ನಟ್ ನೋಡುವುದು. ಸಡಿಲವಿದ್ದರೆ ಮುಂದಿನದೆಲ್ಲ ಆಮೇಲೆ. ಬ್ರೇಕ್ ಒತ್ತದೆಯೂ ನಡುಕವಿದ್ದರೆ ಅನುಮಾನ ವೀಲ್ ಬ್ಯಾಲೆನ್ಸಿಂಗ್ ಅಥವಾ ಟೈರಿನ ಮೇಲೆ. ಬ್ರೇಕ್ ನಡುಕಕ್ಕೆ ಅಲೈನ್‌ಮೆಂಟ್ ಮಾಡಿಸಿ ಫಲವಿಲ್ಲ. ಸ್ಟೇರಿಂಗ್ ಸುಮ್ಮನಿದ್ದು ಸೀಟು ಅದುರಿದರೆ ಹಿಂದಿನ ಡ್ರಮ್ ನೋಡಬೇಕು. ಖಾಲಿ ನೇರ ರಸ್ತೆಯಲ್ಲಿ ನಿಧಾನ ವೇಗದಲ್ಲಿ, ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿಹಿಡಿದೇ ಮೆಲ್ಲಗೆ ಎಳೆದಾಗ ಅದುರಿದರೆ ಡ್ರಮ್ಮಿನ ಮೇಲಿನ ಅನುಮಾನ ಗಟ್ಟಿ. ಇನ್ನು ಮುಂದಿನ ಡಿಸ್ಕಿಗೆ ಕಣ್ಣಳತೆ ಸಾಲದು. ಡಯಲ್ ಗೇಜ್ ಇಟ್ಟು ಓರೆಯನ್ನೂ, ಮೈಕ್ರೋಮೀಟರಿನಿಂದ ಸುತ್ತಲೂ ಏಳೆಂಟು ಕಡೆ ದಪ್ಪವನ್ನೂ ಅಳೆಯಬೇಕು. ಪ್ಯಾಡುಗಳನ್ನು ಒತ್ತುವ ಕ್ಯಾಲಿಪರಿನ ಪಿನ್ನುಗಳು ಸಲೀಸಾಗಿ ಜಾರುತ್ತವೆಯೇ, ಬುಷ್ ಗಟ್ಟಿಯಿದೆಯೇ ಎಂದೂ ನೋಡಬೇಕು. ಎಷ್ಟು ದಪ್ಪಕ್ಕಿಂತ ಕಡಿಮೆಯಾಗಬಾರದು ಎಂಬುದು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚಾಗಿರುತ್ತದೆ.

ರಿಪೇರಿಯಲ್ಲಿ ಯಾರೂ ಕಾಸು ಕೇಳದ ಕೆಲಸವೇ ದೊಡ್ಡದು: ಹಬ್ಬಿನ ಮುಖವನ್ನು ತಂತಿ ಬ್ರಷ್ಷಿನಿಂದ ಲೋಹ ಹೊಳೆಯುವವರೆಗೆ ಉಜ್ಜುವುದು, ನಟ್ಟುಗಳನ್ನು ಎದುರು ಬದುರಾಗಿ ಟಾರ್ಕ್ ವ್ರೆಂಚಿನಲ್ಲಿ ಸಮನಾಗಿ ಬಿಗಿಯುವುದು. ಹೊಸ ಪ್ಯಾಡ್ ಹಾಕಿದ ಮೇಲೆ ಖಾಲಿ ರಸ್ತೆಯಲ್ಲಿ 50ರಿಂದ 10ಕ್ಕೆ ಇಳಿಸುತ್ತಾ, ಪೂರ್ತಿ ನಿಲ್ಲಿಸದೆ, ನಡುವೆ ಆರಲು ಬಿಡುತ್ತಾ ಹತ್ತು ಹದಿನೈದು ಬಾರಿ ಬ್ರೇಕ್ ಹಾಕಿದರೆ ಪ್ಯಾಡಿನ ಪದರ ಡಿಸ್ಕಿನ ಮೇಲೆ ಸಮನಾಗಿ ಕೂರುತ್ತದೆ. ವೇಗದಿಂದ ಬಂದು ಟೋಲಿನ ಸಾಲಿನಲ್ಲಿ ನಿಂತಾಗ, ರಸ್ತೆ ಸಮತಟ್ಟಾಗಿದ್ದರೆ, ಬ್ರೇಕನ್ನು ಒತ್ತಿ ಹಿಡಿದೇ ಕೂರಬಾರದು; ಕಾದ ಪ್ಯಾಡ್ ಒಂದೇ ಜಾಗದಲ್ಲಿ ತನ್ನ ಅಚ್ಚು ಬಿಡುತ್ತದೆ.