ಟ್ರಾಮ್ ಓಡದ ಸೀಮೆಯ ಕರೆಂಟು ಮನೆ

ಶಿವಪುರ ಅಂದೊಡನೆ ಮಂಡ್ಯ ಸೀಮೆಯವರಿಗೆ ನೆನಪಾಗುವುದು 1938ರ ಧ್ವಜ ಸತ್ಯಾಗ್ರಹ ಮತ್ತು ಹೆದ್ದಾರಿ ಬದಿಯ ಸತ್ಯಾಗ್ರಹ ಸೌಧ. ಅದು ಸರಿಯೇ. ಆದರೆ ಸತ್ಯಾಗ್ರಹಕ್ಕೆ ಮೂರೂವರೆ ದಶಕ ಮುಂಚೆ ಇದೇ ಮಗ್ಗುಲಲ್ಲಿ ಇನ್ನೊಂದು ದೊಡ್ಡ ಸಂಗತಿ ನಡೆದುಹೋಗಿದೆ. ಮದ್ದೂರು ರೈಲು ನಿಲ್ದಾಣದಲ್ಲಿ ಇಳಿದ ಅಮೆರಿಕದ ಜನರೇಟರುಗಳೂ ಸ್ವಿಟ್ಜರ್ಲೆಂಡಿನ ಟರ್ಬೈನುಗಳೂ ಎತ್ತಿನ ಗಾಡಿ, ಆನೆಗಳ ಬಲದಿಂದ ಮಳವಳ್ಳಿ ದಾರಿ ಹಿಡಿದು ಕಾವೇರಿ ದಡದ ಶಿವನಸಮುದ್ರದ ಜಲವಿದ್ಯುತ್ ಕೇಂದ್ರಕ್ಕೆ ಸಾಗಿದವು. ಶಿವನಸಮುದ್ರಕ್ಕೆ ಹತ್ತಿರದ ರೈಲು ನಿಲ್ದಾಣ ಅಂದರೆ ಮದ್ದೂರೇ. ಅಲ್ಲಿಂದ ಮುಂದೆ ಸುಮಾರು 30 ಮೈಲಿ ರಸ್ತೆಯ ಪಾಡು. 1902ರ ಜೂನ್ 30ರಂದು ಆ ಯಂತ್ರಗಳಿಂದ ಹೊರಟ ಕರೆಂಟು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು.

ಈ ಅಧ್ಯಾಯದ ವಿಷಯ ವಿದ್ಯುತ್ ಇತಿಹಾಸದ ಹಳೆಯ ಕಟ್ಟಡಗಳು. ಹೊರದೇಶಗಳಲ್ಲಿ ಇಂಥ ಕಟ್ಟಡಗಳ ಮಾತು ಬಂದರೆ ಮೊದಲು ಎದುರಾಗುವುದು ಟ್ರಾಮ್ ಸಬ್‌ಸ್ಟೇಷನ್. ಕರ್ನಾಟಕದಲ್ಲಿ ವಿದ್ಯುತ್ ಟ್ರಾಮ್ ಎಂದೂ ಓಡಲಿಲ್ಲ. ಮದರಾಸಿನಲ್ಲಿ 1895ರಲ್ಲೇ ಓಡಿತು, ಕಲ್ಕತ್ತದಲ್ಲಿ 1902ರ ಮಾರ್ಚಿನಲ್ಲಿ, ಬೊಂಬಾಯಿಯಲ್ಲಿ 1907ರಲ್ಲಿ. ಬೆಂಗಳೂರಿಗೆ 1905ರ ಆಗಸ್ಟ್ 5ರಂದು ಬೀದಿ ದೀಪ ಬಂತು, ಟ್ರಾಮ್ ಬರಲಿಲ್ಲ. ಆದರೂ ಟ್ರಾಮ್ ಸಬ್‌ಸ್ಟೇಷನ್ ಏನು ಮಾಡುತ್ತಿತ್ತು ಎಂದು ತಿಳಿದರೆ ನಮ್ಮ ಶಿವನಸಮುದ್ರದ ಪವರ್‌ಹೌಸ್ ಏಕೆ ಹಾಗಿದೆ ಎಂಬುದೂ ತಿಳಿಯಾಗುತ್ತದೆ.

ಆ ಕಾಲದ ಟ್ರಾಮ್ ಮೋಟಾರಿಗೆ ಬೇಕಾಗಿದ್ದುದು ನೇರ ವಿದ್ಯುತ್, ಸಾಮಾನ್ಯವಾಗಿ 500ರಿಂದ 600 ವೋಲ್ಟ್. ನಿಂತ ಬಂಡಿಯನ್ನು ಜಗ್ಗಿ ಎಳೆಯುವುದರಲ್ಲಿ ನೇರ ವಿದ್ಯುತ್ತಿನ ಮೋಟಾರಿಗೆ ಸಾಟಿಯಿರಲಿಲ್ಲ. ಆದರೆ ಅಷ್ಟು ಕಡಿಮೆ ವೋಲ್ಟೇಜಿನ ಕರೆಂಟು ತಂತಿಯಲ್ಲಿ ಬಹುದೂರ ಹೋಗಲಾರದು, ದಾರಿಯಲ್ಲೇ ಸೊರಗುತ್ತದೆ. ಹಾಗಾಗಿ ದೂರದ ಉತ್ಪಾದನಾ ಕೇಂದ್ರದಿಂದ ಪರ್ಯಾಯ ವಿದ್ಯುತ್ತನ್ನು ಹೆಚ್ಚು ವೋಲ್ಟೇಜಿನಲ್ಲಿ ತಂದು, ಊರೊಳಗೆ ಅಲ್ಲಲ್ಲಿ ಕಟ್ಟಿದ ಸಬ್‌ಸ್ಟೇಷನ್ನುಗಳಲ್ಲಿ ತಗ್ಗಿಸಿ, ರೋಟರಿ ಕನ್ವರ್ಟರ್ ಎಂಬ ತಿರುಗುವ ಯಂತ್ರದಿಂದ ನೇರ ವಿದ್ಯುತ್ತಾಗಿ ಬದಲಿಸಿ ಟ್ರಾಮ್ ತಂತಿಗೆ ಕೊಡುತ್ತಿದ್ದರು. ಟನ್ನುಗಟ್ಟಲೆ ತೂಗುವ ಯಂತ್ರ ಒಳಹೋಗಲು ದೊಡ್ಡ ಬಾಗಿಲು, ಅದನ್ನು ಎತ್ತಲು ಮೇಲೆ ಕ್ರೇನು, ಕ್ರೇನಿಗಾಗಿ ಎತ್ತರದ ಗೋಡೆ, ಕಾವು ಹೊರಹೋಗಲು ಉದ್ದುದ್ದ ಕಿಟಕಿ: ಕಟ್ಟಡದ ಆಕಾರವನ್ನು ಯಂತ್ರವೇ ಬರೆಯಿತು. ಜನ ವಾಸಿಸುವ ಬೀದಿಗಳಲ್ಲೇ ಇವು ಎದ್ದುದರಿಂದ ವಾಸ್ತುಶಿಲ್ಪಿಗಳು ಹೊರಮುಖವನ್ನು ಒಪ್ಪ ಮಾಡಬೇಕಾಯಿತು. ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ಪ್ಯಾಡಿಂಗ್‌ಟನ್ ಬಡಾವಣೆಯ ಸಬ್‌ಸ್ಟೇಷನ್ 1929-30ರಲ್ಲಿ ಎದ್ದದ್ದು. ಅಲ್ಲಿ 1969ರಲ್ಲಿ ಟ್ರಾಮ್ ನಿಂತುಹೋಯಿತು. ಕೆಲಸ ಕಳೆದುಕೊಂಡ ಆ ಇಟ್ಟಿಗೆ ಕಟ್ಟಡ ಇವತ್ತು ಕ್ವೀನ್ಸ್‌ಲ್ಯಾಂಡ್ ರಾಜ್ಯದ ಪರಂಪರೆ ಪಟ್ಟಿಯಲ್ಲಿದೆ.

ಮೈಸೂರು ಸಂಸ್ಥಾನದಲ್ಲಿ ಕರೆಂಟಿಗೆ ಗಿರಾಕಿ ಆಗಿದ್ದುದು ಟ್ರಾಮ್ ಅಲ್ಲ, ಚಿನ್ನ. ಕೋಲಾರದ ಗಣಿಗಳು ಉಗಿಯಂತ್ರದ ಮೇಲೆ ನಡೆಯುತ್ತಿದ್ದವು. ಸುತ್ತಲ ಕಾಡಿನ ಸೌದೆ, ದೂರದಿಂದ ರೈಲಿನಲ್ಲಿ ಬರುವ ಕಲ್ಲಿದ್ದಲು, ಎರಡೂ ದುಬಾರಿ. ಗಣಿಗಳ ಆಡಳಿತ ನೋಡುತ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಗೆ ಅಗ್ಗದ ಶಕ್ತಿ ಬೇಕಿತ್ತು, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರಿಗೆ ಸಂಸ್ಥಾನದ ಬೊಕ್ಕಸಕ್ಕೆ ಕಾಯಂ ಆದಾಯ ಬೇಕಿತ್ತು. ನಡುವೆ ಇದ್ದವರು ಸಂಸ್ಥಾನದ ಉಪಮುಖ್ಯ ಎಂಜಿನಿಯರ್ ಕ್ಯಾಪ್ಟನ್ ಜೋಲಿ ಡಿ ಲಾಟ್‌ಬಿನಿಯೇ. ಕೆನಡಾದ ಕ್ವಿಬೆಕ್ ಪ್ರಾಂತದವರು, ಆ ಪ್ರಾಂತದ ಮಾಜಿ ಪ್ರೀಮಿಯರ್ ಒಬ್ಬರ ಮಗ. ಯುರೋಪು, ಅಮೆರಿಕ ಸುತ್ತಿ ನಯಾಗರದಂಥ ಕೇಂದ್ರಗಳನ್ನು ಕಣ್ಣಾರೆ ಕಂಡು ಬಂದು ಯೋಜನೆ ರೂಪಿಸಿದರು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು, ಟರ್ಬೈನುಗಳು ಜೂರಿಕ್‌ನ ಎಷರ್ ವಿಸ್ ಕಂಪನಿಯವು. ಇದೇ ಲಾಟ್‌ಬಿನಿಯೇ ಮುಂದೆ ಕಾಶ್ಮೀರಕ್ಕೆ ಹೋಗಿ ಝೇಲಂ ನದಿಯ ಮೊಹೋರ ವಿದ್ಯುತ್ ಕೇಂದ್ರವನ್ನೂ ಕಟ್ಟಿಸಿದರು.

ಮೊದಲ ಹಂತದಲ್ಲಿ ಕೂರಿಸಿದ್ದು ತಲಾ 720 ಕಿಲೋವಾಟಿನ ಆರು ಯಂತ್ರಗಳು, ಒಟ್ಟು 4,320 ಕಿಲೋವಾಟ್. ಮದ್ದೂರಿನ ಕಬ್ಬಿನ ಗದ್ದೆಯವರ ಲೆಕ್ಕದಲ್ಲಿ ಹೇಳುವುದಾದರೆ, ಹತ್ತು ಎಚ್‌ಪಿ ಪಂಪ್‌ಸೆಟ್ಟುಗಳು ಸುಮಾರು 580. ಇಂದಿನ ಕಣ್ಣಿಗೆ ಇದು ಚಿಲ್ಲರೆ. ಆದರೆ ನಿಜವಾದ ಸಾಹಸ ಇದ್ದುದು ಉತ್ಪಾದನೆಯಲ್ಲಲ್ಲ, ಸಾಗಣೆಯಲ್ಲಿ. ಗಣಿಗಳು ಇದ್ದುದು 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್ ಆಚೆ.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಜನರೇಟರಿನಿಂದ ಹೊರಬಿದ್ದಾಗ ಕರೆಂಟಿನ ವೋಲ್ಟೇಜು 2,200. ಹಾಗೇ ಕಳಿಸಿದ್ದರೆ ಕೋಲಾರ ಮುಟ್ಟುವುದರೊಳಗೆ ಬಹುಪಾಲು ತಂತಿಯನ್ನು ಬಿಸಿ ಮಾಡುವುದಕ್ಕೇ ಮುಗಿದುಹೋಗುತ್ತಿತ್ತು. ಟ್ರಾನ್ಸ್‌ಫಾರ್ಮರುಗಳು ಅದನ್ನು 35,000 ವೋಲ್ಟಿಗೆ, ಸುಮಾರು ಹದಿನಾರು ಪಟ್ಟಿಗೆ ಏರಿಸಿದವು. ಅಷ್ಟೇ ಶಕ್ತಿಯನ್ನು ಹದಿನಾರು ಪಟ್ಟು ವೋಲ್ಟೇಜಿನಲ್ಲಿ ಕಳಿಸಿದರೆ ತಂತಿಯಲ್ಲಿ ಹರಿಯುವ ಕರೆಂಟು ಹದಿನಾರನೇ ಒಂದು ಪಾಲು ಸಾಕು. ತಂತಿಯಲ್ಲಿ ಕಾವಾಗಿ ಹೋಗುವ ನಷ್ಟ ಕರೆಂಟಿನ ವರ್ಗದ ಲೆಕ್ಕದಲ್ಲಿ ಇಳಿಯುವುದರಿಂದ, ಅದೇ ತಂತಿಯಲ್ಲಿ ನಷ್ಟ 250ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕೋಲಾರದ ಸಬ್‌ಸ್ಟೇಷನ್ನಿನಲ್ಲಿ ಮತ್ತೆ ತಗ್ಗಿಸಿ ಗಣಿಯ ಮೋಟಾರುಗಳಿಗೆ ಹಂಚುತ್ತಿದ್ದರು. ಊರಿನ ಟ್ರಾಮ್‌ಗೂ ಕೋಲಾರದ ಗಣಿಗೂ ಕೆಲಸದ ಸೂತ್ರ ಒಂದೇ: ದೂರ ಸಾಗಿಸುವಾಗ ಏರಿಸು, ಬಳಸುವಾಗ ಇಳಿಸು.

ಟ್ರಾಮ್ ಯುಗದ ಇನ್ನೊಂದು ಗುರುತು ಶಿವನಸಮುದ್ರದ ಯಂತ್ರಗಳಲ್ಲೇ ಇತ್ತು. ಅವು ಸೆಕೆಂಡಿಗೆ 25 ಆವರ್ತದವು. ರೋಟರಿ ಕನ್ವರ್ಟರುಗಳಿಗೂ ನಿಧಾನವಾಗಿ ತಿರುಗುವ ದೊಡ್ಡ ಯಂತ್ರಗಳಿಗೂ ಆ ಕಾಲದಲ್ಲಿ ಒಗ್ಗುತ್ತಿದ್ದುದು ಕಡಿಮೆ ಆವರ್ತ. ನಯಾಗರದಲ್ಲಿ 25 ಎಂದು ನಿಗದಿಯಾದದ್ದೇ ಬೇರೆ ಕಡೆಗೂ ಮೇಲ್ಪಂಕ್ತಿಯಾಯಿತು. ಗಣಿಗೆ ಇದರಿಂದ ತೊಂದರೆಯಿಲ್ಲ. ಬಲ್ಬಿಗೆ ಮಾತ್ರ ಇದು ಹೇಳಿ ಮಾಡಿಸಿದ್ದಲ್ಲ, ಬೆಳಕು ಸಣ್ಣಗೆ ನಡುಗುತ್ತದೆ. ದೇಶವೆಲ್ಲ 50 ಆವರ್ತಕ್ಕೆ ಬಂದ ಮೇಲೆ ಇಲ್ಲಿಯೂ ಬದಲಾಯಿತು.

ಈಗ ಕಟ್ಟಡಕ್ಕೆ ಬರೋಣ. ಬ್ರಿಸ್ಬೇನಿನ ಸಬ್‌ಸ್ಟೇಷನ್ ಬೀದಿಗೆ ಮುಖ ತೋರಿಸಬೇಕಿತ್ತು. ನಮ್ಮದಕ್ಕೆ ಆ ಹಂಗಿಲ್ಲ. ಕಾವೇರಿ ನದಿಯಿಂದ ತಿರುಗಿಸಿದ ನೀರು ಕಾಲುವೆಯಲ್ಲಿ ಬ್ಲಫ್ ಎಂಬ ಎತ್ತರದ ಜಾಗಕ್ಕೆ ಬರುತ್ತದೆ. ಅಲ್ಲಿಂದ ದಪ್ಪ ಕಬ್ಬಿಣದ ಕೊಳವೆಗಳು ಗುಡ್ಡದ ಮೈ ಹಿಡಿದು ಕಣಿವೆಗೆ ಇಳಿಯುತ್ತವೆ. ಕೊಳವೆಗಳ ಬುಡದಲ್ಲಿ ನದಿಗೆ ಸಮಾನಾಂತರವಾಗಿ ಮಲಗಿದೆ ಪವರ್‌ಹೌಸಿನ ಉದ್ದನೆಯ ಹಜಾರ. ಯಂತ್ರಗಳು ಒಂದೇ ಸಾಲಿನಲ್ಲಿ ನಿಲ್ಲಬೇಕು, ಪ್ರತಿಯೊಂದಕ್ಕೂ ಒಂದು ಕಡೆಯಿಂದ ನೀರು ಬಂದು ಇನ್ನೊಂದು ಕಡೆ ಹೊಳೆಗೆ ಬೀಳಬೇಕು. ಉದ್ದ ಬಂದದ್ದು ಆ ಕಾರಣಕ್ಕೆ. ಕಲ್ಲಿನ ಗೋಡೆ ಬಂದದ್ದಕ್ಕೂ ಸೊಗಸು ಕಾರಣವಲ್ಲ, ಸುತ್ತ ಸಿಗುತ್ತಿದ್ದುದೇ ಕಲ್ಲು. ಹಾಗಿದ್ದೂ ಮೇಲಿನಿಂದ ನೋಡಿದರೆ ಕಟ್ಟಡ ಕಣಿವೆಯ ಬಂಡೆಗಳಿಗೆ ಒಗ್ಗಿಕೊಂಡು ಕೂತಿದೆ. ಈಚಿನ ದಿನಗಳಲ್ಲಿ ನಾವು ಎಬ್ಬಿಸುವ ಎಷ್ಟೋ ಸರ್ಕಾರಿ ಕಟ್ಟಡಗಳ ಬಗ್ಗೆ ಈ ಮಾತು ಹೇಳುವ ಹಾಗಿಲ್ಲ.

ಬ್ಲಫ್‌ನಿಂದ ಪವರ್‌ಹೌಸಿಗೆ ಇಳಿಯಲು ಹಳಿಯ ಮೇಲೆ ಒಂದು ಟ್ರಾಲಿ ಇದೆ. ಕಡಿದಾದ ಇಳಿಜಾರಿನಲ್ಲಿ ಹಾಸಿದ ಹಳಿ, ಮೇಲೆ ಕೂತ ಯಂತ್ರ ಸುತ್ತುವ ಉಕ್ಕಿನ ಹಗ್ಗ, ಹಗ್ಗದ ತುದಿಗೆ ಬಂಡಿ. ಕೂತವರ ಬೆನ್ನು ಗುಡ್ಡಕ್ಕೆ, ಕಣ್ಣು ಕಣಿವೆಗೆ. ಮಂಡ್ಯ ಜಿಲ್ಲೆಯಲ್ಲಿ ಟ್ರಾಮ್‌ಗೆ ಅತಿ ಹತ್ತಿರದ ನೆಂಟ ಯಾವುದು ಎಂದು ಯಾರಾದರೂ ಕೇಳಿದರೆ ಇದನ್ನೇ ತೋರಿಸಬಹುದು.

ಶಿವನಸಮುದ್ರದ ಬಗ್ಗೆ ಒಂದು ಮಾತು ಪಠ್ಯಪುಸ್ತಕದಿಂದ ಭಾಷಣದವರೆಗೆ ಉರುಳುತ್ತಲೇ ಇದೆ: ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ಎಂದು. ಇದು ನಿಜವಲ್ಲ. ಡಾರ್ಜಿಲಿಂಗಿನ ಸಿದ್ರಾಪೋಂಗ್ 1897ರಲ್ಲೇ ಶುರುವಾಗಿತ್ತು. ಅದಕ್ಕೂ ಮುಂಚೆ, 1891ರಲ್ಲಿ, ಜಪಾನಿನ ಕ್ಯೋಟೊ ನಗರದ ಕೆಯಾಗೆ ಕೇಂದ್ರ ಇತ್ತು. ಅದರ ಕರೆಂಟಿನಲ್ಲೇ 1895ರಲ್ಲಿ ಜಪಾನಿನ ಮೊದಲ ವಿದ್ಯುತ್ ಟ್ರಾಮ್ ಓಡಿದ್ದು. ಸಾಗಣೆಯ ದೂರದಲ್ಲಿ ಜಗತ್ತಿಗೇ ಮೊದಲು ಅನ್ನುವುದೂ ಒಪ್ಪತಕ್ಕದ್ದಲ್ಲ. ಕ್ಯಾಲಿಫೋರ್ನಿಯಾದಲ್ಲಿ 1901ರಲ್ಲೇ ಇದಕ್ಕಿಂತ ಉದ್ದದ ಮಾರ್ಗ ಇತ್ತು. ಇದ್ದ ಹಿರಿಮೆ ಇಷ್ಟು: ಆಗಿನ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದನ್ನು ಒಂದು ದೇಶೀ ಸಂಸ್ಥಾನ ತನ್ನ ಖರ್ಚಿನಲ್ಲಿ, ತನ್ನ ಹೊಣೆಯಲ್ಲಿ ಎಳೆಯಿತು. ಸುಳ್ಳು ಬಿರುದಿಗಿಂತ ಇದು ದೊಡ್ಡದು.

ಶೇಷಾದ್ರಿ ಅಯ್ಯರ್ ಇದನ್ನು ನೋಡಲಿಲ್ಲ. ಕೇಂದ್ರ ಶುರುವಾಗುವ ಒಂಬತ್ತು ತಿಂಗಳು ಮೊದಲು, 1901ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಕೇಂದ್ರಕ್ಕೆ ಅವರ ಹೆಸರಿದೆ. ಬೇಸಿಗೆಯಲ್ಲಿ ಕಾವೇರಿ ಬಡವಾದಾಗ ಗಣಿಗೆ ಕರೆಂಟು ಸಾಲದಾಗುತ್ತಿತ್ತು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ ಹಿಂದಿದ್ದ ಒತ್ತಾಯಗಳಲ್ಲಿ ಇದೂ ಒಂದು. ಮಂಡ್ಯದ ಗದ್ದೆಗೆ ನೀರು ತಂದ ಕಟ್ಟೆಯ ಲೆಕ್ಕಾಚಾರದಲ್ಲಿ ಕೋಲಾರದ ಚಿನ್ನವೂ ಇತ್ತು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಇನ್ನು ಬೆಳಕಿನ ಸರದಿ: ಮೊದಲು ಗಣಿ, 1905ರಲ್ಲಿ ಬೆಂಗಳೂರು, 1908ರಲ್ಲಿ ಮೈಸೂರು. ಯಂತ್ರ ಹೊತ್ತ ಗಾಡಿಗಳಿಗೆ ದಾರಿ ಬಿಟ್ಟ ಹಳ್ಳಿಗಳಲ್ಲಿ ಎಷ್ಟೋ ದಶಕ ಸೀಮೆಎಣ್ಣೆ ಬುಡ್ಡಿಯೇ ಉರಿಯಿತು. ಈ ಮಾತನ್ನು ಹೇಳದೆ ಶಿವನಸಮುದ್ರದ ಕಥೆ ಹೇಳುವುದು ಅರ್ಧ ಕಥೆ.

ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಗಿರಾಕಿ ಹೋದರೂ ಅಂಗಡಿ ಬಾಗಿಲು ಹಾಕಲಿಲ್ಲ. ಹಂತ ಹಂತವಾಗಿ ಬೆಳೆದು 42 ಮೆಗಾವಾಟಿಗೆ ಏರಿದ ಕೇಂದ್ರ ಈಗ ಕರ್ನಾಟಕ ವಿದ್ಯುತ್ ನಿಗಮದ ಕೈಯಲ್ಲಿದೆ. ಕೆಲಸ ಮಾಡುವ ಪರಂಪರೆಯನ್ನು ಕಾಪಾಡುವುದು ಕೆಲಸ ನಿಂತ ಕಟ್ಟಡವನ್ನು ಕಾಪಾಡುವುದಕ್ಕಿಂತ ಕಷ್ಟ, ಏಕೆಂದರೆ ಹಳೆಯ ಯಂತ್ರ ತೆಗೆದು ಹೊಸದು ಹಾಕುವಾಗ ತೆಗೆದದ್ದು ಗುಜರಿಗೆ ಹೋಗಿಬಿಡುತ್ತದೆ. ಹಳೆಯ ಸ್ವಿಚ್ ಬೋರ್ಡು, ಮೀಟರು, ಪಿಂಗಾಣಿ ಇನ್ಸುಲೇಟರು, ಲಾಗ್ ಪುಸ್ತಕ, ನಕ್ಷೆ ಇವುಗಳಿಗೆ ಮದ್ದೂರು ಅಥವಾ ಮಳವಳ್ಳಿಯಲ್ಲಿ ಒಂದು ಸಣ್ಣ ಸಂಗ್ರಹಾಲಯವಾದರೂ ಆಗಬೇಕು. ಮಕ್ಕಳನ್ನು ಗಗನಚುಕ್ಕಿಗೆ ಕರೆದೊಯ್ಯುವ ಮೇಷ್ಟರುಗಳು ಜಲಪಾತ ತೋರಿಸಿ ವಾಪಸು ಬರದೆ ಕಣಿವೆಯ ಆ ಉದ್ದನೆಯ ಕಟ್ಟಡವನ್ನೂ ತೋರಿಸಿ, ಅದರ ಕಥೆ ಹೇಳಲಿ. ಒಳಗೆ ಇಳಿಯಬೇಕಿದ್ದರೆ ಮಾತ್ರ ನಿಗಮದ ಅನುಮತಿಯನ್ನು ಮುಂಚಿತವಾಗಿ ಪಡೆದಿರಬೇಕು.